ಸಮುದ್ರಕ್ಕೆ ನಾಲ್ಕು ಕ್ಯಾನು

ಐದು ರೂಪಾಯಿ ಕಾಯಿನ್ನಿಗೆ ಇಪ್ಪತ್ತು ಲೀಟರು.
ಶಿಡ್ಲಘಟ್ಟದ ಈ ನೀರಿನ ಘಟಕದಲ್ಲಿ
ಬೆಳಿಗ್ಗೆ ಆರಕ್ಕೇ ಬಂದು ಕೂರುತ್ತೇನೆ.
ಯಾರ ಮನೆಗೆ ನೆಂಟರು ಬಂದರು, ಯಾರು ಊರಲ್ಲಿಲ್ಲ,
ಯಾರು ಜಗಳವಾಡಿ ಒಲೆ ಹಚ್ಚಲಿಲ್ಲ,
ನನಗೆ ಕ್ಯಾನುಗಳೇ ಹೇಳುತ್ತವೆ.

ರೀಲಿಂಗ್ ಮಿಷನ್ ರಿಪೇರಿಯ ಮಸ್ತಾನ್ ಮನೆಯಲ್ಲಿ
ಇರುವುದು ಮೂರೇ ಜನ.
ಗುರುವಾರ ಬಂತೆಂದರೆ ಎಂಟು ಕ್ಯಾನು.
‘ಏನಪ್ಪಾ, ಹೋಟ್ಲು ಇಟ್ಟಿದೀಯಾ?’
‘ನಾಲ್ಕು ಮನೆಗೆ, ಅಶ್ವತ್ಥಕ್ಕ.
ನಾಲ್ಕು ಸಮುದ್ರಕ್ಕೆ.’

ಹೋಗಿ ನೋಡಿದೆ.
ಮಂಚಕ್ಕೂ ಅಡುಗೆಕಟ್ಟೆಗೂ ನಡುವೆ
ನೀಲಿ ಬೆಳಕಿನ ಗಾಜಿನ ತೊಟ್ಟಿ.
ಸಾವಿರದ ನಾನೂರು ಅಡಿಯಿಂದ ಎದ್ದುಬಂದ ನೀರು,
ನಮ್ಮ ಹಲ್ಲಿಗೆಲ್ಲ ಕಂದು ಬರೆ ಎಳೆದ ನೀರು,
ನನ್ನ ಮಿಷನ್ನಿನಲ್ಲಿ ವಿಷ ಕಳೆದುಕೊಂಡು
ಪ್ಯಾಕೆಟ್ಟಿನ ಉಪ್ಪು ತಿಂದು
ಇಲ್ಲಿ ಸಮುದ್ರವಾಗಿ ಕೂತಿದೆ.

ಶಾವಿಗೆಯಂಥ ಎಳೆಗಳೊಳಗೆ ಕೇಸರಿ ಮೀನೆರಡು.
ಬೇರೆ ಮೀನಿಗೆ ಚುರುಗುಟ್ಟುವ ಎಳೆ ಇವಕ್ಕೆ ಹಾಸಿಗೆ.
ಹೆಂಡತಿ ಸತ್ತರೆ ಗಂಡನೇ ಹೆಣ್ಣಾಗಿ
ಮನೆ ನಡೆಸುತ್ತಾನಂತೆ.
(ಹಸೀನ ಒಲೆಯ ಹತ್ತಿರವೇ ನಕ್ಕಳು.)
ಕೆಂಪು ಸಿಗಡಿಯೊಂದು ಬಂಡೆಯಡಿ ಅಂಗಡಿ ತೆರೆದಿದೆ:
ಹಳದಿ ಮೀನು ಬಾಯಿ ಕಳೆದು ನಿಂತರೆ
ಒಳಹೊಕ್ಕು ಹಲ್ಲು ಕೆರೆದು ಬರುತ್ತದೆ.
ಅದು ನುಂಗುವುದಿಲ್ಲ. ಕಾಸೂ ಕೊಡುವುದಿಲ್ಲ.
ಇನ್ನೊಂದು ಸಿಗಡಿಗೆ ಕಣ್ಣು ಮಂಜು, ಮರಳು ತೋಡುತ್ತಲೇ ಇರುತ್ತದೆ;
ಬಾಗಿಲಲ್ಲಿ ಕಾವಲಿಗೆ ಒಂದು ಮೀನು.
ಗೋಬಿ ಅಂತೆ ಹೆಸರು.
ಬಸ್ ಸ್ಟ್ಯಾಂಡಿನ ತಳ್ಳುಗಾಡಿಯವನಿಗೆ ಹೇಳಬೇಕು.

‘ಹವಳ ಯಾವುದೋ?’
ಎಲೆಕೋಸಿನಂಥದ್ದು, ಮೆದುಳಿನಂಥದ್ದು,
ಜಿಂಕೆ ಕೊಂಬು, ಮಳೆ ಬಿದ್ದ ಮಾರನೆಯ ದಿನದ ನಾಯಿಕೊಡೆ,
ಬೆರಳು ತೋರಿಸಿದ್ದೆಲ್ಲ ಹವಳವೇ ಅಂದ.
ಕೊಚ್ಚಿಯ ಯಾರದೋ ತೊಟ್ಟಿಯಲ್ಲಿ ಚಿಗುರಿ
ರಾತ್ರಿ ಬಸ್ಸಿನಲ್ಲಿ ಬಂದಿಳಿದವು.
‘ಗಿಡ ಅಲ್ಲ, ಕಲ್ಲೂ ಅಲ್ಲ.
ಹುಳು, ಅಕ್ಕ. ಹುಳು ಕಟ್ಟಿದ ಮನೆ.’

ಹುಳು ಕಟ್ಟುವ ಮನೆ
ಈ ಊರಿನವಳಿಗೆ ಹೇಳಿಕೊಡಬೇಕೇ?
ಹದಿನೈದು ವರ್ಷ ಕುದಿನೀರಲ್ಲಿ ಬೆರಳದ್ದಿ
ಗೂಡಿನ ಎಳೆ ಹುಡುಕಿದವಳು ನಾನು.
ಎಳೆ ಸಿಗಬೇಕಾದರೆ ಗೂಡು ಬೇಯಬೇಕು,
ಒಳಗಿರುವುದು ಸಾಯಬೇಕು.
ಇಲ್ಲಿ ಸತ್ತದ್ದರ ಗೋಡೆಯ ಮೇಲೆ
ಇದ್ದದ್ದು ಗೋಡೆ ಏರಿಸುತ್ತದೆ;
ಸಾವಿರ ಬಾಯಿ, ಒಂದೇ ಮನೆ.
ನೀರು ಒಂದೆರಡು ಡಿಗ್ರಿ ಬಿಸಿಯೇರಿದರೆ ಸಾಕು,
ಬಣ್ಣ ಬಿಟ್ಟು ಸುಣ್ಣವಾಗುತ್ತದಂತೆ.
‘ದೊಡ್ಡ ಸಮುದ್ರದಲ್ಲೂ ಹಂಗೇ ಆಗ್ತಾ ಐತೆ.’
ಬಗ್ಗಿದವಳ ತಾಳಿಯ ಎರಡು ಹವಳ
ಗಾಜಿಗೆ ತಾಗಿ ಟಿಕ್ ಎಂದವು.
ಒಂದು ಮೀನು ಬಂದು ನೋಡಿತು.
ಯಾಕೋ, ಸರವನ್ನು ಸೆರಗಿನೊಳಗೆ ಹಾಕಿಕೊಂಡೆ.

ಆರುವುದು ನೀರಷ್ಟೇ, ಉಪ್ಪು ಹಾಗೇ ಉಳಿಯುತ್ತದೆ;
ಅದಕ್ಕೇ ಸಮುದ್ರಕ್ಕೆ ಸಿಹಿನೀರಿನ ಬಾಯಾರಿಕೆ.
ಲೆಕ್ಕದ ಪುಸ್ತಕದಲ್ಲಿ ಬರೆದೆ: ಸಮುದ್ರ, ನಾಲ್ಕು.
ಕಾರ್ಯದರ್ಶಿ ಕನ್ನಡಕ ಏರಿಸಿ
‘ಯಾವ ಬೀದಿಯವರಮ್ಮ?’ ಅಂದರು.

ಮೊನ್ನೆ ಕರೆಂಟು ಹೋಗಿ ಪಂಪು ನಿಂತಿತು.
ನಾನು, ಹಸೀನ, ಮಸ್ತಾನ್ ಪಾಳಿಯ ಮೇಲೆ
ಚೊಂಬಿನಲ್ಲಿ ಎತ್ತಿ ಎತ್ತಿ ಸುರಿದೆವು,
ನೀರಿನೊಂದಿಗೆ ಗಾಳಿ ಇಳಿಯಲೆಂದು.
ಎರಡು ಗಂಟೆಯಾಗಿರಬೇಕು.
ಮಗಳು ಅರ್ಷಿಯ ಹಿಡಿದ ಟಾರ್ಚಿಗೆ
ಹವಳದ ಬುಡದಿಂದ ಏನೋ ಹೊರಟಿತು:
ಐದು ತೋಳು, ನೂಲಿನಷ್ಟು ಸಣ್ಣ,
ಒಂದೊಂದಾಗಿ ನೆಲ ತಡವುತ್ತ.
‘ಇದು ಯಾರೋ?’
‘ಗೊತ್ತಿಲ್ಲ, ಅಕ್ಕ. ನಾನು ತಂದಿಲ್ಲ.’
ಅದರ ಹಿಂದೆ ಮತ್ತೊಂದು, ತೋಳಿಲ್ಲದ್ದು, ಮೈಯೆಲ್ಲ ರೋಮ.

ಹೆದರುತ್ತವೆ ಎಂದು ಅರ್ಷಿಯ ಟಾರ್ಚು ಆರಿಸಿದಳು.
ಕತ್ತಲಲ್ಲಿ ಚೊಂಬು ನನ್ನ ಕೈಗೆ ಬಂತು.
ಸುರಿಯುತ್ತಾ ಹೋದೆ,
ಎಷ್ಟು ಜನಕ್ಕೆ ಎಂದು ಕೇಳದೆ.